ಕೊಟ್ರೇಶನ ಕೈ ಕಲಿತದ್ದು

ತುಂಗಭದ್ರೆಯ ದಂಡೆಯಲ್ಲಿ ಹುಲಿಗೆಮ್ಮ ಎಂಬ ಮುದುಕಿಯ ಆಶ್ರಮವಿತ್ತು. ಆಶ್ರಮವೆಂದರೆ ಒಂದು ಮಣ್ಣಿನ ಪಡಸಾಲೆ, ಎರಡು ಕೋಣೆ, ಅಂಗಳದಲ್ಲೊಂದು ಹುಣಸೆಮರ.

ನಡು ಹಿಡಿದವರು, ಭುಜ ಏಳದವರು, ಕೀಲು ತಪ್ಪಿದವರು ಹರಿಗೋಲು ಹತ್ತಿ ಹೊಳೆ ದಾಟಿ ಅಲ್ಲಿಗೆ ಬರುತ್ತಿದ್ದರು. ಹುಲಿಗೆಮ್ಮ ಅವರ ಮೈಮೇಲೆ ಕೈಯಿಟ್ಟು ವಾಸಿಮಾಡುತ್ತಿದ್ದಳು. ಔಷಧಿಯ ಡಬ್ಬಿ, ಪುಡಿ, ಕಷಾಯ ಅಲ್ಲಿ ಏನೂ ಇರಲಿಲ್ಲ. ಕೈ, ಒಂದು ಚಾಪೆ, ಆಕೆಯ ನಗು, ಇಷ್ಟೇ.

ಆ ವಿದ್ಯೆ ಕಲಿಯಲು ಕೊಟ್ರೇಶ ಎಂಬ ತರುಣ ಬಂದ. ಪಟ್ಟಣದ ಪಂಡಿತರೊಬ್ಬರ ಹತ್ತಿರ ಮೂರು ವರ್ಷ ಓದಿದ್ದ. ಗರಡಿಯಲ್ಲಿ ಪಳಗಿದ ತೋಳು. ಎದೆ ಸೆಟೆಸಿ ನಿಂತಿದ್ದ.

"ಏನು ಕಲಿತು ಬಂದೀಯಪ್ಪ?" ಹುಲಿಗೆಮ್ಮ ಕೇಳಿದಳು.

"ಮನುಷ್ಯನ ಮೈಯಾಗೆ ಇನ್ನೂರ ಆರು ಎಲುಬು, ಅವ್ವಾ. ಒಂದೊಂದರ ಹೆಸರೂ ಹೇಳ್ತೀನಿ."

"ಹೇಳು, ಕೇಳೋಣ."

ಕೊಟ್ರೇಶ ಕಾಲಿನ ಕಿರುಬೆರಳಿನಿಂದ ಶುರುಮಾಡಿ ನೆತ್ತಿಯವರೆಗೆ ಹೇಳಿದ. ಎಲ್ಲೂ ತಡವರಿಸಲಿಲ್ಲ. ಹುಲಿಗೆಮ್ಮ ಕಣ್ಣರಳಿಸಿಕೊಂಡು ಕೇಳಿದಳು. ಮುಗಿದ ಮೇಲೆ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು.

"ಭೇಷ್! ಇಷ್ಟು ಹೆಸರು ನನಗೇ ಗೊತ್ತಿಲ್ಲ. ಈಗ ಹೇಳು. ಹುಣಸೆಮರದ ಕೆಳಗೆ ನಡು ಹಿಡಕೊಂಡು ಕೂತಾಳಲ್ಲ, ಆಕೆ ಹೆಸರೇನು?"

ಕೊಟ್ರೇಶ ಮರದ ಕಡೆ ನೋಡಿದ. "ಗೊತ್ತಿಲ್ಲ, ಅವ್ವಾ."

"ಹೋಗಿ ಕೇಳಿಕೊಂಡು ಬಾ. ಅದು ಇನ್ನೂರ ಏಳನೇದು."

ಕೊಟ್ರೇಶ ಹೋದ. ತಿರುಗಿ ಬರುವುದಕ್ಕೆ ಅರ್ಧ ತಾಸಾಯಿತು.

"ಹೆಸರು ದುರುಗಮ್ಮ ಅಂತೆ. ಒಂದು ಕೇಳಿದರೆ ಹತ್ತು ಹೇಳ್ತಾಳೆ, ಅವ್ವಾ. ಎಮ್ಮೆ ಈದೈತೆ, ಕರು ಹೆಣ್ಣು, ಹಾಲು ಬಹಳ ಕೊಡ್ತೈತೆ, ಎರಡು ಹೊತ್ತೂ ತಾನೇ ಕರೀಬೇಕು, ಕುಕ್ಕರುಗಾಲಲ್ಲಿ ಕೂತು ಕೂತು ಸಾಕಾಗೈತೆ ಅಂತ ಒಂದೇ ಸಮನೆ..."

"ನಡುನೋವು ಯಾವಾಗಿಂದ ಅಂತೆ?"

"ಅದನ್ನ ಕೇಳೋಕೆ ಆಕೆ ಎಲ್ಲಿ ಬಿಟ್ಟಳು?"

ಹುಲಿಗೆಮ್ಮ ಅವನ ಮುಖ ನೋಡಿದಳು.

ಕೊಟ್ರೇಶ ಮೆಲ್ಲಗೆ ಹೇಳಿದ: "ಎಮ್ಮೆ ಈದಾಗಿಂದ."

"ಚಾಪೆ ಹಾಸು," ಹುಲಿಗೆಮ್ಮ ಎದ್ದಳು. "ಆಕೆಗೆ ಕೂರೋಕೆ ಒಂದು ಮಣೆನೂ ಹುಡುಕು. ಹೋಗುವಾಗ ಕೊಟ್ಟು ಕಳಿಸೋಣ."

ಕೊಟ್ರೇಶ ಅಲ್ಲೇ ಉಳಿದ.

ಮೊದಲ ಮೂರು ತಿಂಗಳು ಯಾರ ಮೈಯನ್ನೂ ಮುಟ್ಟಬಾರದು ಎಂದು ಹುಲಿಗೆಮ್ಮ ಹೇಳಿದಳು. ಅವನಿಗೆ ಬೇಸರವಾಯಿತು.

"ಮತ್ತೆ ಕಲಿಯೋದು ಹೆಂಗೆ, ಅವ್ವಾ?"

ಹುಲಿಗೆಮ್ಮ ತನ್ನ ತುರುಬಿನಿಂದ ಒಂದು ಬಿಳಿಕೂದಲು ಕಿತ್ತಳು. ಅದನ್ನು ಕಲ್ಲುಚಪ್ಪಡಿಯ ಮೇಲಿಟ್ಟು, ಹಳೇ ಪಂಚಾಂಗದಿಂದ ಒಂದು ಹಾಳೆ ಹರಿದು ಮೇಲೆ ಮುಚ್ಚಿದಳು.

"ಕಣ್ಣು ಮುಚ್ಚು. ಕೂದಲು ಎಲ್ಲೈತೆ, ಬೆರಳಲ್ಲಿ ಹುಡುಕು."

ಕೊಟ್ರೇಶನಿಗೆ ನಗು ಬಂತು. ಹುಡುಕಿದ. ಸಿಗಲಿಲ್ಲ. ಒತ್ತಿ ಹುಡುಕಿದ. ಇನ್ನೂ ಜೋರಾಗಿ ಒತ್ತಿದ. ಬೆರಳಿನ ಬೆವರಿಗೆ ಹಾಳೆ ಹರಿಯಿತು.

"ಯುಗಾದಿ ಹರಿದು ಹಾಕಿದೆಯಲ್ಲೋ," ಹುಲಿಗೆಮ್ಮ ಹಾಳೆಯ ಚೂರು ಎತ್ತಿ ನೋಡಿ ಹೇಳಿದಳು. "ನೀನು ಒತ್ತಿದಷ್ಟೂ ನಿನಗೆ ಕಲ್ಲೇ ಸಿಗ್ತೈತೆ. ಕೈ ಹಗುರ ಮಾಡು. ಬೆರಳು ಕೇಳೋಕೆ ಹೋಗೈತೆ, ಜಗಳಕ್ಕೆ ಹೋಗಿಲ್ಲ."

ಒಂಬತ್ತನೆಯ ದಿನ ಕೊಟ್ರೇಶನ ಬೆರಳಿನ ಕೆಳಗೆ ಏನೋ ಸುಳಿಯಿತು. ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣ ಏರು.

"ಸಿಕ್ತು!" ಎಂದು ಕೂಗಿದ. ಹೊಳೆಯಲ್ಲಿ ಬಲೆ ಬೀಸುತ್ತಿದ್ದ ಬೆಸ್ತರು ಅವನಿಗೆ ಮೀನು ಸಿಕ್ಕಿತೆಂದುಕೊಂಡು, "ಎಷ್ಟು ದೊಡ್ಡದು?" ಎಂದು ಅಲ್ಲಿಂದಲೇ ಕೇಳಿದರು.

ಆಮೇಲೆ ಎರಡು ಹಾಳೆ. ಆಮೇಲೆ ಮೂರು. ಮೂರನೆಯ ತಿಂಗಳ ಕೊನೆಗೆ ಏಳು ಹಾಳೆಯ ಕೆಳಗಿನ ಕೂದಲು ಅವನ ಬೆರಳಿಗೆ ತಿಳಿಯುತ್ತಿತ್ತು.

ಒಂದು ಬೆಳಿಗ್ಗೆ ಹುಲಿಗೆಮ್ಮ ಎಂಟು ಹಾಳೆಗಳನ್ನಿಟ್ಟಳು. ಕೊಟ್ರೇಶ ಕಣ್ಣುಮುಚ್ಚಿ ಬಹಳ ಹೊತ್ತು ಬೆರಳಾಡಿಸಿದ. ಕೊನೆಗೆ ಒಂದು ಕಡೆ ನಿಲ್ಲಿಸಿದ.

"ಇಲ್ಲೈತೆ, ಅವ್ವಾ. ಓರೆಯಾಗಿ ಬಿದ್ದೈತೆ."

"ಗ್ಯಾರಂಟಿನಾ?"

"ಗ್ಯಾರಂಟಿ."

ಹುಲಿಗೆಮ್ಮ ಹಾಳೆ ಎತ್ತಿದಳು. ಕಲ್ಲಿನ ಮೇಲೆ ಏನೂ ಇರಲಿಲ್ಲ. ಅವಳು ಕೂದಲು ಇಟ್ಟೇ ಇರಲಿಲ್ಲ.

ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೊಟ್ರೇಶನ ಕಿವಿ ಕೆಂಪಾಯಿತು.

"ಬೇಜಾರಾಗಬೇಡ," ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇಲ್ಲದ ಕೂದಲು ಸಿಕ್ಕಿದ ದಿನ ನನ್ನ ಗುರುಗಳು ನನಗೆ ಊಟ ಕೊಡಲಿಲ್ಲ. ನಾನು ನಿನಗೆ ಎರಡು ರೊಟ್ಟಿ ಜಾಸ್ತಿ ಕೊಡ್ತೀನಿ. ತಿನ್ನುತ್ತಾ ಯೋಚನೆ ಮಾಡು. ಏನೂ ಇಲ್ಲ ಅಂತ ಹೇಳೋಕೆ ಯಾಕೆ ನಾಚಿಕೆ ಆಯ್ತು ನಿನಗೆ?"

ಮಾರನೆಯ ದಿನದಿಂದ ರೋಗಿಗಳನ್ನು ಮುಟ್ಟಲು ಅವನಿಗೆ ಅಪ್ಪಣೆ ಸಿಕ್ಕಿತು.

ಕೊಟ್ರೇಶನ ಕೈಯಲ್ಲಿ ಗುಣವಿತ್ತು. ಹಿಡಿದ ಸ್ನಾಯು ಎಲ್ಲಿದೆ, ಕೀಲು ಎಲ್ಲಿ ತಡೆಯುತ್ತಿದೆ ಎಂದು ಬೇಗ ತಿಳಿಯುತ್ತಿತ್ತು. ತೋಳಿನಲ್ಲಿ ಬಲವೂ ಇತ್ತು. ಹಿಡಿದ ಕಡೆ ಕೈಯಿಟ್ಟು ಒಂದೇ ಏಟಿಗೆ ತಿರುಗಿಸಿದರೆ ಲಟಕ್ಕೆಂದು ನೆಟಿಗೆ ಬರುತ್ತಿತ್ತು.

ಆ ಶಬ್ದ ಜನಕ್ಕೆ ಬಹಳ ಇಷ್ಟವಾಯಿತು. ಕೊಟ್ರೇಶನಿಗೂ.

"ಆಹಾ, ಎಷ್ಟು ಜೋರಾಗಿ ಬಂತು!" ಎಂದು ಕೂತವರು ತಲೆದೂಗುತ್ತಿದ್ದರು. ಕೆಲವರು ನೋವಿಲ್ಲದಿದ್ದರೂ ನೆಟಿಗೆ ತೆಗೆಸಿಕೊಳ್ಳಲು ಬಂದರು. ಹುಲಿಗೆಮ್ಮ ಹತ್ತು ಜನರನ್ನು ನೋಡುವಷ್ಟರಲ್ಲಿ ಕೊಟ್ರೇಶ ಮೂವತ್ತು ಜನರನ್ನು ಮುಗಿಸುತ್ತಿದ್ದ.

ಹಾಗೆ ಬಂದವರಲ್ಲಿ ಪಂಪಣ್ಣ ಒಬ್ಬ. ಹೊಳೆಯಾಚೆಯ ಊರಿನ ನೇಕಾರ. ಐವತ್ತೈದು ವಯಸ್ಸು, ಮಾತುಗಾರ. ಅವನ ಕುತ್ತಿಗೆ ಹಿಡಿದುಕೊಂಡಿತ್ತು. ಬಲಕ್ಕೆ ತಿರುಗಬೇಕೆಂದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದ.

ಕೊಟ್ರೇಶ ಅವನ ತಲೆಯನ್ನು ಎರಡು ಕೈಯಲ್ಲಿ ಹಿಡಿದ. ಲಟಕ್!

"ಅಯ್ಯಪ್ಪಾ!" ಪಂಪಣ್ಣ ಕುತ್ತಿಗೆ ಆಡಿಸಿ ನೋಡಿದ. "ಹೋಯ್ತು! ನೋವೇ ಹೋಯ್ತು! ನಿನ್ನ ಕೈಗೆ ಬಂಗಾರದ ಕಡಗ ಹಾಕಬೇಕು ಕಣಪ್ಪ."

ನಾಲ್ಕು ದಿನ ಬಿಟ್ಟು ಪಂಪಣ್ಣ ಮತ್ತೆ ಬಂದ. ಕುತ್ತಿಗೆ ಹಿಡಿದಿತ್ತು. ಲಟಕ್! ಸಂತೋಷದಿಂದ ಹೋದ.

ಮೂರು ದಿನಕ್ಕೆ ಬಂದ. ಆಮೇಲೆ ಎರಡು ದಿನಕ್ಕೆ.

"ಕೊಟ್ರೇಶಪ್ಪ ಇಲ್ಲದಿದ್ದರೆ ನನ್ನ ಕುತ್ತಿಗೆಯೇ ಇಲ್ಲ," ಎಂದು ಹರಿಗೋಲಿನವರಿಗೆಲ್ಲ ಹೇಳಿಕೊಂಡು ತಿರುಗಿದ.

ಕೊಟ್ರೇಶ ಅದನ್ನು ಹುಲಿಗೆಮ್ಮನಿಗೆ ಹೇಳಿ ಹಿಗ್ಗಿದ.

"ಎಷ್ಟು ಸಲ ಬಂದಾನೆ?" ಅವಳು ಕೇಳಿದಳು.

"ಇವತ್ತಿಗೆ ಒಂಬತ್ತು."

"ಪಾಪ."

"ಯಾಕೆ ಪಾಪ? ಪ್ರತಿ ಸಲವೂ ವಾಸಿಯಾಗಿ ಹೋಗ್ತಾನೆ."

"ವಾಸಿಯಾದವನು ಒಂಬತ್ತು ಸಲ ಹೊಳೆ ದಾಟ್ತಾನಾ? ನೀನು ಬಾಗಿಲು ತೆಗೆದು ಕಳಿಸ್ತೀಯ. ಮನೇಲಿ ಯಾರೋ ತಿರುಗಿ ಮುಚ್ತಾರೆ. ಯಾರು ಅಂತ ಕೇಳಿದೀಯಾ?"

ಕೊಟ್ರೇಶನಿಗೆ ಆ ಮಾತು ಹಿಡಿಸಲಿಲ್ಲ. ಅವ್ವನಿಗೆ ಸ್ವಲ್ಪ ಹೊಟ್ಟೆಕಿಚ್ಚು ಇರಬಹುದು ಎಂದುಕೊಂಡ.

ಹತ್ತನೆಯ ಸಲ ಪಂಪಣ್ಣ ಬಂದಾಗ ಪಡಸಾಲೆ ತುಂಬಿತ್ತು. ಎಲ್ಲರೂ ನೋಡುತ್ತಿದ್ದರು. ಕುತ್ತಿಗೆ ಹಿಂದಿಗಿಂತ ಬಿಗಿಯಾಗಿತ್ತು. ಕೊಟ್ರೇಶ ತಿರುಗಿಸಿದ. ನೆಟಿಗೆ ಬರಲಿಲ್ಲ. ಇನ್ನೊಮ್ಮೆ, ಜೋರಾಗಿ ತಿರುಗಿಸಿದ.

ನೆಟಿಗೆ ಬಂತು. ಅದರ ಹಿಂದೆಯೇ ಪಂಪಣ್ಣನ ಮುಖ ಬಿಳಿಚಿಕೊಂಡಿತು.

"ಮನೆ ತಿರುಗ್ತೈತೆ," ಎಂದ. ಚಾಪೆಯ ಮೇಲೆ ಕುಸಿದು ವಾಂತಿ ಮಾಡಿಕೊಂಡ.

ಕೊಟ್ರೇಶ ಕಲ್ಲಿನ ಹಾಗೆ ನಿಂತ. ಇನ್ನೂರ ಆರು ಹೆಸರುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಹುಲಿಗೆಮ್ಮ ಎದ್ದು ಬಂದಳು. ಪಂಪಣ್ಣನನ್ನು ಮೆಲ್ಲಗೆ ಮಲಗಿಸಿದಳು. ಕೈಕಾಲು ಆಡಿಸು ಎಂದಳು, ಆಡಿಸಿದ. ಹೆಸರು ಕೇಳಿದಳು, ಹೇಳಿದ. ತನ್ನ ಬೆರಳು ಎಷ್ಟು ಕಾಣುತ್ತಿವೆ ಎಂದಳು, ಸರಿಯಾಗಿ ಎಣಿಸಿದ. ಅವನ ತಲೆಯ ಕೆಳಗೆ ಅಂಗೈಯಿಟ್ಟು, ಅವನ ಉಸಿರು ಹದಕ್ಕೆ ಬರುವವರೆಗೆ ಅಲ್ಲಾಡದೆ ಕೂತಳು.

ಹರಿಗೋಲು ಎರಡು ಸಲ ಹೊಳೆ ದಾಟಿ ಬರುವಷ್ಟರಲ್ಲಿ ಪಂಪಣ್ಣ ಎದ್ದು ಕೂತು ನೀರು ಕೇಳಿದ.

ಕೊಟ್ರೇಶ ಕೋಣೆಯಲ್ಲಿ ತನ್ನ ಗಂಟು ಕಟ್ಟುತ್ತಿದ್ದ.

"ಎಲ್ಲಿಗೆ?" ಹುಲಿಗೆಮ್ಮ ಬಾಗಿಲಲ್ಲಿ ನಿಂತಳು.

"ಊರಿಗೆ, ಅವ್ವಾ. ಇನ್ನು ಯಾರನ್ನೂ ಮುಟ್ಟೋದಿಲ್ಲ. ಆ ಮನುಷ್ಯನಿಗೆ ಏನಾದರೂ ಆಗಿದ್ದರೆ..."

"ಆಗಿದ್ದರೆ ದೊಡ್ಡ ತಪ್ಪಾಗ್ತಿತ್ತು," ಹುಲಿಗೆಮ್ಮ ನಗಲಿಲ್ಲ. "ನೀನು ಅವನ ಕುತ್ತಿಗೆ ಹಿಡಿದಿದ್ದೆ. ಆದರೆ ಕಣ್ಣು ಕೂತಿದ್ದ ಜನರ ಮೇಲಿತ್ತು. ನಾನು ನೋಡಿದೆ. ನೋಡಿಯೂ ಸುಮ್ಮನಿದ್ದೆ, ಅದು ನನ್ನ ತಪ್ಪು. ಇಬ್ಬರ ತಪ್ಪೂ ಐತೆ."

ಕೊಟ್ರೇಶ ತಲೆ ತಗ್ಗಿಸಿದ.

"ಗಂಟು ಆಮೇಲೆ ಕಟ್ಟು. ಅವನು ಒಬ್ಬನೇ ಮನೆಗೆ ಹೋಗೋದು ಬೇಡ. ಬಾ, ಬಿಟ್ಟು ಬರೋಣ."

ಮೂವರೂ ಹೊಳೆ ದಾಟಿದರು. ದಾರಿಯುದ್ದಕ್ಕೂ ಪಂಪಣ್ಣನೇ ಕೊಟ್ರೇಶನಿಗೆ ಸಮಾಧಾನ ಹೇಳಿದ.

ನೇಕಾರರ ಓಣಿಯಲ್ಲಿ ಕೊನೆಯ ಮನೆ. ಒಳಗೆ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ ಅದು. ಅದರ ಎಡಹಿಂದೆ, ಬೆಳಕಿಂಡಿಯ ಕೆಳಗೆ ರಾಟೆ ಇಟ್ಟುಕೊಂಡು ಪಂಪಣ್ಣನ ಹೆಂಡತಿ ಚೌಡಮ್ಮ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು.

ನಡೆದದ್ದನ್ನು ಕೇಳಿ ಚೌಡಮ್ಮ ಗಾಬರಿಯಾದಳು. ಗಂಡ ನೆಟ್ಟಗೆ ನಿಂತದ್ದನ್ನು ನೋಡಿ ಬಯ್ಯಲು ಶುರುಮಾಡಿದಳು. ಆಮೇಲೆ ಬಂದವರಿಗೆ ಮಜ್ಜಿಗೆ ಕೊಟ್ಟಳು.

"ಪಂಪಣ್ಣ," ಹುಲಿಗೆಮ್ಮ ಹೇಳಿದಳು, "ನೇಯಬೇಡ. ಸುಮ್ಮನೆ ಮಗ್ಗದಾಗೆ ಕೂತು ತೋರಿಸು. ದಿನಾ ಹೆಂಗೆ ಕೂರ್ತೀಯ?"

ಪಂಪಣ್ಣ ಕುಣಿಯಲ್ಲಿ ಕಾಲಿಟ್ಟು ಕೂತ. ಚೌಡಮ್ಮ ರಾಟೆಯ ಮುಂದೆ ಹೋಗಿ ಕೂತಳು.

ಹುಲಿಗೆಮ್ಮ ಗೋಡೆಗೊರಗಿ ಮಜ್ಜಿಗೆ ಕುಡಿಯತೊಡಗಿದಳು. ಕೊಟ್ರೇಶನಿಗೆ ಏನನ್ನು ನೋಡಬೇಕೆಂದು ಅವಳು ಹೇಳಲಿಲ್ಲ.

"ಹತ್ತು ಸಲ ಹೊಳೆ ದಾಟಿದ್ದಕ್ಕೆ ಇದೇ ಬಹುಮಾನ," ಚೌಡಮ್ಮ ಹಿಂದಿನಿಂದ ಅಂದಳು.

ಪಂಪಣ್ಣ ಎಡಕ್ಕೆ ತಿರುಗಿ, "ಹತ್ತಲ್ಲ, ಒಂಬತ್ತೇ ವಾಸಿಯಾಗಿದ್ದು," ಅಂದ. ಮುಂದೆ ತಿರುಗಿದ.

"ಲೆಕ್ಕ ಮಾತ್ರ ಬರ್ತೈತೆ. ಮೊನ್ನೆ ಸೀರೆ ಅಂಚಿಗೆ ಕೆಂಪು ಹಾಕೋ ಕಡೆ ಹಸಿರು ಹಾಕಿದ್ದು ಯಾರು?"

ಪಂಪಣ್ಣ ಮತ್ತೆ ಎಡಕ್ಕೆ ತಿರುಗಿದ. "ನೀನು ಕೊಟ್ಟ ಕಂಡಿಕೆನೇ ಹಸಿರು!"

"ಕೊಟ್ಟರೆ ಕಣ್ಣು ಬೇಡವಾ?"

ಮತ್ತೆ ಎಡಕ್ಕೆ. "ಕಣ್ಣೆಲ್ಲಾ ನಿನ್ನ ಮೇಲೇ ಇರ್ತೈತಲ್ಲ, ಏನು ಮಾಡಲಿ?"

ಚೌಡಮ್ಮ ನಾಚಿ ರಾಟೆ ತಿರುಗಿಸಿದಳು.

ಕೊಟ್ರೇಶ ಮಜ್ಜಿಗೆಯ ಲೋಟ ಕೆಳಗಿಟ್ಟ.

"ಅಮ್ಮಾ," ಚೌಡಮ್ಮನನ್ನು ಕೇಳಿದ, "ರಾಟೆ ಮೊದಲಿನಿಂದಲೂ ಇಲ್ಲೇ ಐತಾ?"

"ಇಲ್ಲಪ್ಪ. ಮೂವತ್ತು ವರ್ಷ ಅಲ್ಲೇ ಮಗ್ಗದ ಮುಂದೆ, ಬಲಗಡೆ ಇಟ್ಟಿದ್ದೆ. ಈಗ ಕಣ್ಣು ಸಾಲದು. ಬೇಸಿಗೆಗೆ ಈ ಬೆಳಕಿಂಡಿ ಕೆಳಗೆ ತಂದೆ."

"ಕುತ್ತಿಗೆ ಹಿಡಿದದ್ದು ಯಾವಾಗ?"

ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬೇಸಿಗೆಯಾಗೆ," ಇಬ್ಬರೂ ಒಟ್ಟಿಗೆ ಹೇಳಿದರು.

ಮೊದಲು ನಕ್ಕವಳು ಚೌಡಮ್ಮ. "ಅಯ್ಯೋ ಶಿವನೇ! ನಿನ್ನ ಕುತ್ತಿಗೆಗೆ ನಾನೇ ಗಂಟು ಬಿದ್ದಿದ್ದೆನಾ!"

"ಮಾತಾಡೋದು ಬಿಟ್ಟರೆ ಆಯ್ತಲ್ಲ?" ಪಂಪಣ್ಣ ಕೇಳಿದ.

"ಅದು ಆಗೋ ಮಾತಾ?" ಕೊಟ್ರೇಶ ಹೇಳಿದ. ಆ ದಿನ ಅವನು ನಕ್ಕದ್ದು ಅದೇ ಮೊದಲು. "ರಾಟೆ ಮುಂದಕ್ಕೆ ಇಡೋಣ."

"ಬೆಳಕು?"

ಕೊಟ್ರೇಶ ತಲೆಯೆತ್ತಿ ಮಣ್ಣಿನ ಮಾಳಿಗೆ ನೋಡಿದ. ತೊಲೆ ಯಾವ ಕಡೆ ಹೋಗಿದೆ, ಜಂತೆ ಎಲ್ಲಿದೆ ಎಂದು ಕೈಯಿಂದ ತಟ್ಟಿ ನೋಡಿದ. ಪಕ್ಕದ ಮನೆಯವರ ಹತ್ತಿರ ಏಣಿ, ಹಾರೆ ಕೇಳಿ ತಂದು ಮಾಳಿಗೆ ಹತ್ತಿದ.

ಸಂಜೆಯ ಹೊತ್ತಿಗೆ ಮಗ್ಗದ ಮುಂದೆ, ಬಲಗಡೆ, ಮಾಳಿಗೆಯಲ್ಲಿ ಒಂದು ಹೊಸ ಬೆಳಕಿಂಡಿಯಾಯಿತು. ಬೆಳಕು ನೇರ ಚೌಡಮ್ಮನ ರಾಟೆಯ ಮೇಲೆ ಬಿತ್ತು. ಕೊಟ್ರೇಶ ತಲೆಯಿಂದ ಪಾದದವರೆಗೆ ಮಣ್ಣಾಗಿದ್ದ. ಏಣಿ ಹಿಡಿದು ನಿಂತಿದ್ದ ಹುಲಿಗೆಮ್ಮನ ಬಿಳಿಕೂದಲೂ ಕೆಂಪಾಗಿತ್ತು.

"ಈ ಚಿಕಿತ್ಸೆ ನನ್ನ ಗುರುಗಳಿಗೂ ಗೊತ್ತಿರಲಿಲ್ಲ," ಎಂದಳು.

ಎಂಟು ದಿನವಾಯಿತು. ಪಂಪಣ್ಣ ಬರಲಿಲ್ಲ. ಹದಿನೈದು ದಿನವಾಯಿತು. ಬರಲಿಲ್ಲ.

"ಅವ್ವಾ, ಪಂಪಣ್ಣ ಬರಲೇ ಇಲ್ಲ," ಕೊಟ್ರೇಶ ಹೇಳಿದ. ಗಂಟು ಬಿಚ್ಚಿ ಬಟ್ಟೆಗಳನ್ನು ಗೂಟಕ್ಕೆ ಹಾಕಿದ್ದ.

"ನೀನು ಅವನ ಕುತ್ತಿಗೆಗೆ ಮಾಡಿದ ಒಳ್ಳೆ ಕೆಲಸ ಅದೇ," ಹುಲಿಗೆಮ್ಮ ಹೇಳಿದಳು.

ಕೊಟ್ರೇಶನನ್ನು ಸಂತೆಯಲ್ಲಿ ಕಂಡಾಗ ಪಂಪಣ್ಣ ಮಾತಾಡುವ ಮೊದಲು ಗೂಬೆಯ ಹಾಗೆ ಕುತ್ತಿಗೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ತೋರಿಸಿದ.

ಆಮೇಲೆ ಕೊಟ್ರೇಶ ಒಂದು ದಿನಕ್ಕೆ ಎಂಟು ಜನರನ್ನಷ್ಟೇ ನೋಡತೊಡಗಿದ. ನೆಟಿಗೆಗಾಗಿ ಬರುತ್ತಿದ್ದವರು ಬೇಸರಪಟ್ಟು ಬರುವುದನ್ನು ಬಿಟ್ಟರು. ನೋವಿದ್ದವರು ಉಳಿದರು. ಅವನು ಅವರ ಹೆಸರು ಕೇಳಿದ, ಕೆಲಸ ಕೇಳಿದ, ಹೇಗೆ ಕೂರುತ್ತಾರೆ, ಹೇಗೆ ಮಲಗುತ್ತಾರೆ, ಮನೆಯಲ್ಲಿ ಯಾರು ಯಾರು ಎಂದು ಕೇಳಿದ. ಮೊಣಕಾಲು ನೋವೆಂದು ಬಂದವನ ಚಪ್ಪಲಿಯನ್ನು ತಿರುಗಿಸಿ ನೋಡಿದ.

ಮಳೆಗಾಲ ಮುಗಿದು ಹೊಳೆ ಇಳಿದಿತ್ತು. ಒಂದು ಬೆಳಿಗ್ಗೆ ಹರಿಗೋಲಿನಿಂದ ಪಂಪಣ್ಣ ಇಳಿದ. ಅವನ ಹಿಂದೆ ಚೌಡಮ್ಮ. ಅವಳ ಹಿಂದೆ ಅವರ ಮಗಳು ಸಾವಂತ್ರಿ. ಅವಳ ತೋಳಲ್ಲಿ ಇಪ್ಪತ್ತು ದಿನದ ಗಂಡುಕೂಸು.

ಕೂಸು ಕುತ್ತಿಗೆಯನ್ನು ಬಲಕ್ಕೇ ತಿರುಗಿಸಿಕೊಂಡಿತ್ತು. ಎಡಕ್ಕೆ ತಿರುಗುತ್ತಿರಲಿಲ್ಲ. ಒಂದು ಮೊಲೆಯಲ್ಲಿ ಮಾತ್ರ ಹಾಲು ಕುಡಿಯುತ್ತಿತ್ತು. ಇನ್ನೊಂದಕ್ಕೆ ಹಾಕಿದರೆ ಬಾಯಿ ಹಿಡಿಯಲಾಗದೆ ಅಳುತ್ತಿತ್ತು. ತೂಕ ಕಡಿಮೆಯಾಗುತ್ತಿತ್ತು.

"ದೊಡ್ಡ ಡಾಕ್ಟರಿಗೆ ತೋರಿಸಿದ್ವಿ, ಅವ್ವಾ," ಪಂಪಣ್ಣ ಹುಲಿಗೆಮ್ಮನಿಗೆ ಹೇಳಿದ. ಅವನ ಧ್ವನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ. "ಎಲುಬು, ನರ ಎಲ್ಲಾ ಸರಿ ಐತೆ, ಹೊಟ್ಟೆಯಾಗೆ ಮಲಗಿದ ರೀತಿಗೆ ಕುತ್ತಿಗೆ ಬಿಗಿದೈತೆ, ನಿಧಾನಕ್ಕೆ ಸಡಿಲ ಆಗಬೇಕು ಅಂದರು. ಮಗು ಕರಗ್ತಾ ಐತೆ. ನೀವೇ ಕೈಯಿಡಬೇಕು."

ಹುಲಿಗೆಮ್ಮ ಎರಡೂ ಕೈ ಎತ್ತಿ ತೋರಿಸಿದಳು. ಮೊಣಕೈವರೆಗೆ ಕೆಂಪು. ಅವಳು ಖಾರದಪುಡಿ ಕುಟ್ಟುತ್ತಿದ್ದಳು.

"ಈ ಕೈ ಕೂಸಿಗೆ ತಾಗಿಸೋದಾ? ಎರಡು ದಿನ ಉರಿ ಹೋಗೋದಿಲ್ಲ. ಕೊಟ್ರಾ, ನೀನು ನೋಡು."

ಆ ದಿನವೇ ಅವಳು ಖಾರ ಯಾಕೆ ಕುಟ್ಟಿದಳು ಎಂದು ಕೊಟ್ರೇಶನಿಗೆ ಇವತ್ತಿಗೂ ಗೊತ್ತಿಲ್ಲ. ಹರಿಗೋಲು ದೂರದಲ್ಲಿದ್ದಾಗಲೇ ಅವಳಿಗೆ ಕೂಸಿನ ಅಳು ಕೇಳಿಸಿತ್ತು ಎಂದು ಅಂಬಿಗರು ಹೇಳುತ್ತಾರೆ.

ಕೊಟ್ರೇಶ ಕೈ ತೊಳೆದು, ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡ. ಆದರೆ ಕೂಸನ್ನು ಕೇಳಲಿಲ್ಲ. ಸಾವಂತ್ರಿಯ ಎದುರು ಕೂತ.

"ನಿನಗೆ ಹೆಂಗೈತೆ, ತಂಗಿ?"

ಸಾವಂತ್ರಿ ಗಲಿಬಿಲಿಯಾದಳು. ಇಪ್ಪತ್ತು ದಿನದಿಂದ ಎಲ್ಲರೂ ಕೂಸನ್ನೇ ವಿಚಾರಿಸಿದ್ದರು.

"ಒಂದು ಕಡೆ ಎದೆ ಕಲ್ಲಾಗೈತೆ, ಅಣ್ಣಾ," ಮೆಲ್ಲಗೆ ಹೇಳಿದಳು. "ರಾತ್ರಿ ಜ್ವರ. ದೃಷ್ಟಿ ತಾಗೈತೆ ಅಂತ ಒಬ್ಬರು ಅಂತಾರೆ. ಹಾಲು ಕುಡಿಸೋಕೆ ಬರೋದಿಲ್ಲ ನಿನಗೆ ಅಂತ ಇನ್ನೊಬ್ಬರು. ಕೂಸಿಗೆ ನಾನೇ ಬೇಡವಾಗೀನೇನೋ ಅಂತ..."

ಅವಳ ಭುಜಗಳು ಕಿವಿಯವರೆಗೆ ಏರಿದ್ದವು.

"ಕೂಸಿಗೆ ನೀನು ಬೇಕು. ತಿರುಗೋಕೆ ಆಗವಲ್ದು, ಅಷ್ಟೇ," ಕೊಟ್ರೇಶ ಹೇಳಿದ. "ಜ್ವರಕ್ಕೆ ಇವತ್ತೇ ಡಾಕ್ಟರ ಹತ್ತಿರ ಹೋಗಬೇಕು ನೀನು. ಈಗ ಗೋಡೆಗೆ ಒರಗು. ಕಾಲು ಚಾಚು."

ಬೆನ್ನಿಗೆ ದಿಂಬು ಕೊಟ್ಟ. ಚೌಡಮ್ಮನಿಗೆ ಗಂಜಿ ತರಲು ಹೇಳಿದ. ಸಾವಂತ್ರಿ ಬಿಸಿ ಗಂಜಿ ಕುಡಿದಳು. ಅವಳ ಭುಜ ನಿಧಾನವಾಗಿ ಇಳಿಯಿತು. ಅವಳ ತೋಳಿನಲ್ಲಿದ್ದ ಕೂಸಿನ ಅಳುವೂ ಸ್ವಲ್ಪ ಇಳಿಯಿತು.

ಆಗ ಕೊಟ್ರೇಶ ಕೂಸನ್ನು ತನ್ನ ತೊಡೆಯ ಮೇಲೆ ಮಲಗಿಸಿಕೊಂಡ. ಅದರ ತಲೆಯ ಕೆಳಗೆ ಅಂಗೈಯಿಟ್ಟ. ಇಡೀ ತಲೆ ಅಂಗೈಯಲ್ಲಿ ಹಿಡಿಸಿತು.

ಕುತ್ತಿಗೆಯ ಪಕ್ಕದಲ್ಲಿ ಒಂದು ಸ್ನಾಯು ಸಣ್ಣ ಹುರಿಯ ಹಾಗೆ ಬಿಗಿದಿತ್ತು. ಬೆರಳಿಗೆ ಅದು ಕೂಡಲೇ ತಿಳಿಯಿತು. ಬೆರಳು ಅಲ್ಲೇ ನಿಂತಿತು.

"ನನಗೆ ತಿರುಗಿಸಿದ ಹಾಗೆ ಮೆಲ್ಲಗೆ ಒಂದು ಸಲ..." ಪಂಪಣ್ಣ ಬಾಯಿ ತೆರೆದ. ಚೌಡಮ್ಮ ಅವನ ತೊಡೆಗೆ ಚಿವುಟಿದಳು.

ಕೂಸು ಎಡಕ್ಕೆ ತಿರುಗಲಾರದು. ಬಲಕ್ಕೆ ತಿರುಗುತ್ತದೆ. ಕೊಟ್ರೇಶ ಕೂಸನ್ನು ಎಡಕ್ಕೆ ಎಳೆಯಲಿಲ್ಲ. ಅದು ಹೋಗುತ್ತಿದ್ದ ಬಲಕ್ಕೇ, ಅದರ ಜೊತೆಗೇ, ಎಳ್ಳಿನಷ್ಟು ಹೋದ. ಅಲ್ಲಿ ಕಾದ.

"ಏನು ಮಾಡ್ತಾನೆ?" ಪಂಪಣ್ಣ ಪಿಸುಗುಟ್ಟಿದ.

"ಏನೂ ಮಾಡ್ತಿಲ್ಲ," ಹುಲಿಗೆಮ್ಮ ಪಿಸುಗುಟ್ಟಿದಳು. ಅವಳ ಮುಖ ಬೆಳಗುತ್ತಿತ್ತು. "ನೋಡು, ಎಷ್ಟು ಚೆನ್ನಾಗಿ ಏನೂ ಮಾಡ್ತಿಲ್ಲ!"

ಹುಣಸೆಮರದಲ್ಲಿ ಗಿಳಿಗಳು ಬಂದು ಕೂತವು, ಹಾರಿಹೋದವು. ಕೂಸಿನ ಉಸಿರು ಕೊಟ್ರೇಶನ ಅಂಗೈಗೆ ಬಡಿಯುತ್ತಿತ್ತು. ಅವನ ಉಸಿರೂ ಅದರ ಜೊತೆ ಸೇರಿಕೊಂಡಿತು.

ಕೂಸು ಆಕಳಿಸಿತು. ಸಣ್ಣದೊಂದು ನಿಟ್ಟುಸಿರು ಬಿಟ್ಟಿತು. ಬೆರಳಿನ ಕೆಳಗೆ ಹುರಿ ಮೆತ್ತಗಾಯಿತು, ಬಿಸಿಲಿಗಿಟ್ಟ ಬೆಣ್ಣೆಯ ಹಾಗೆ.

ತಲೆ ತಾನೇ ಹೊರಳಿತು. ನಡುವಿಗೆ ಬಂತು. ನಡು ದಾಟಿತು. ಸ್ವಲ್ಪವೇ ಸ್ವಲ್ಪ ಎಡಕ್ಕೆ.

ಎಡಗಡೆ ಅಮ್ಮ ಕೂತಿದ್ದಳು. ಕೂಸು ಇಪ್ಪತ್ತು ದಿನದಲ್ಲಿ ಮೊದಲ ಸಲ ಆ ಕಡೆಯಿಂದ ಅವಳನ್ನು ನೋಡಿತು.

"ತಗೋ, ತಂಗಿ," ಕೊಟ್ರೇಶ ಕೂಸನ್ನು ಅವಳ ತೋಳಿಗಿಟ್ಟು, ಮುಖ ತಿರುಗಿಸಿ ಹೊಳೆಯ ಕಡೆ ಕೂತ.

ಹಿಂದಿನಿಂದ ಕೂಸು ಕೊಸರಾಡಿದ್ದು ಕೇಳಿಸಿತು. ಒಂದು ಸಲ ಅತ್ತಿತು. ಆಮೇಲೆ ಅಳು ನಿಂತಿತು. ಆಮೇಲೆ ಗುಟುಕ್, ಗುಟುಕ್ ಎಂದು ಹಾಲು ನುಂಗುವ ಶಬ್ದ.



"ಹಿಡಿದೈತೆ," ಸಾವಂತ್ರಿ ಹೇಳಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. "ಅಮ್ಮಾ, ಹಿಡಿದೈತೆ!"

ಚೌಡಮ್ಮ ಓಡಿಬಂದು ಕೊಟ್ರೇಶನ ಮುಖದ ಸುತ್ತ ಕೈಯಾಡಿಸಿ, ತನ್ನ ಕೆನ್ನೆಗೆ ಬೆರಳೊತ್ತಿ ಲಟಲಟನೆ ನೆಟಿಗೆ ಮುರಿದು ದೃಷ್ಟಿ ತೆಗೆದಳು. ಪಂಪಣ್ಣ ಹೆಗಲ ಮೇಲಿನ ವಸ್ತ್ರ ತೆಗೆದು ಗಾಳಿಗೆ ಬೀಸುತ್ತಾ, ಹೊಳೆಯಲ್ಲಿದ್ದ ಅಂಬಿಗರಿಗೆಲ್ಲ ಕೂಗಿ ಹೇಳಿದ. ಅಂಬಿಗರು ಹುಟ್ಟುಗೋಲಿನಿಂದ ಹರಿಗೋಲನ್ನು ಬಡಿದು ಸದ್ದು ಮಾಡಿದರು. ಹುಲಿಗೆಮ್ಮ ಸಂತೋಷಕ್ಕೆ ಕಣ್ಣೊರೆಸಿಕೊಳ್ಳಲು ಹೋಗಿ, ಖಾರದ ಕೈ ನೆನಪಾಗಿ, ಅರ್ಧಕ್ಕೇ ನಿಲ್ಲಿಸಿದಳು.

ಕೊಟ್ರೇಶ ಸಾವಂತ್ರಿಗೆ ಎಲ್ಲವನ್ನೂ ಹೇಳಿಕೊಟ್ಟ. ಮಲಗಿಸುವಾಗ ಯಾವ ಪಕ್ಕ, ಎತ್ತಿಕೊಳ್ಳುವಾಗ ಯಾವ ತೋಳು, ಮಾತಾಡಿಸುವಾಗ ಯಾವ ಕಡೆಯಿಂದ ಕರೆಯಬೇಕು. ಅವರು ಇನ್ನೆರಡು ಸಲ ಬಂದರು. ಮತ್ತೆ ಬರುವ ಅಗತ್ಯ ಬೀಳಲಿಲ್ಲ. ಸಾವಂತ್ರಿಯ ಜ್ವರ ಬಿಟ್ಟಿತು. ಕೂಸಿನ ಕೆನ್ನೆ ತುಂಬಿಕೊಂಡಿತು.

ನಾಮಕರಣದ ಮರುದಿನ ಪಂಪಣ್ಣನ ಮನೆಯಿಂದ ಆಶ್ರಮಕ್ಕೆ ಒಂದು ಬುಟ್ಟಿ ಹೋಳಿಗೆ ಬಂತು. ಹುಲಿಗೆಮ್ಮ ಮತ್ತು ಕೊಟ್ರೇಶ ಹೊಳೆಯ ಮೆಟ್ಟಿಲ ಮೇಲೆ ಕೂತು ತುಪ್ಪ ಹಾಕಿಕೊಂಡು ತಿಂದರು.

ನಾಲ್ಕನೆಯ ಹೋಳಿಗೆ ಮುಗಿಸಿ ಕೊಟ್ರೇಶ ಹೇಳಿದ: "ಅವ್ವಾ, ಒಂದು ಮಾತು ಕೇಳಬೇಕು. ಯಾರಿಗೂ ಹೇಳಿಲ್ಲ."

"ಕೇಳು."

"ಆ ದಿನ ಕೂಸು ಹಾಲು ಹಿಡೀತಲ್ಲ, ಆಗಿಂದ ನನ್ನ ಕೈ ನಡುಗೋಕೆ ಶುರುವಾಗೈತೆ. ಮೈಮೇಲೆ ಇಟ್ಟ ಮೇಲೆ ನಿಲ್ತೈತೆ. ಇಡೋ ಮುಂಚೆ ನಡುಗ್ತೈತೆ. ಇವತ್ತು ಬೆಳಿಗ್ಗೆ ಅಂಬಿಗರ ಮುದುಕನ ಮೊಣಕಾಲು ಮುಟ್ಟೋ ಮುಂಚೆನೂ ಹಂಗೇ ಆಯ್ತು."

"ಮೊದಲು ಇರಲಿಲ್ಲವಾ?"

"ಇಲ್ಲ. ದಿನಕ್ಕೆ ಮೂವತ್ತು ಜನರನ್ನ ತಿರುಗಿಸ್ತಿದ್ದೆ. ಒಂದು ಸಲವೂ ನಡುಗಲಿಲ್ಲ."

ಹುಲಿಗೆಮ್ಮ ತನ್ನ ಬಲಗೈಯನ್ನು ಅವನ ಮುಂದೆ ಚಾಚಿದಳು. ತುಪ್ಪ ಮೆತ್ತಿದ ಬೆರಳುಗಳು ಬಿಸಿಲಿನಲ್ಲಿ ಸಣ್ಣಗೆ ನಡುಗುತ್ತಿದ್ದವು.

"ನಿಮ್ಮದು ವಯಸ್ಸಿಗೆ ಅಂದುಕೊಂಡಿದ್ದೆ," ಕೊಟ್ರೇಶ ಹೇಳಿದ.

"ನನಗೆ ಇಪ್ಪತ್ತೆರಡು ಇದ್ದಾಗಿಂದ ಐತೆ."

ಕೊಟ್ರೇಶ ತನ್ನ ಕೈ ನೋಡಿಕೊಂಡ. ಅವಳ ಕೈ ನೋಡಿದ.

"ಹಂಗಾದರೆ ಇದು ಯಾವಾಗ ನಿಲ್ತೈತೆ, ಅವ್ವಾ?"

"ನಿಂತ ದಿನ ಓಡಿ ಬಾ," ಹುಲಿಗೆಮ್ಮ ಐದನೆಯ ಹೋಳಿಗೆ ಅವನ ಎಲೆಗೆ ಹಾಕಿದಳು. "ಆ ಕೈಗೆ ಚಿಕಿತ್ಸೆ ಬೇಕಾಗ್ತೈತೆ."